ಕಾಯುತ್ತಾ ನಿಂತ ಕುದುರೆ

14 ಅಕ್ಟೋಬರ್ 2025, ಮಂಗಳವಾರ ರಾತ್ರಿ

ನಿದ್ದೆ ಬರುತ್ತಿಲ್ಲ. ಸಂಜೆ ಅಕ್ಕ ಫೋನಿನಲ್ಲಿ ಹೇಳಿದ ಒಂದು ಮಾತು ತಲೆಯಲ್ಲೇ ಕೂತಿದೆ.

ಕಸಾಯಿಖಾನೆಗೆ ಬರುವ ಕುದುರೆಗಳ ರಕ್ತದಲ್ಲಿ ಹಾರ್ಮೋನುಗಳು ಹೇಗೆ ಏರುತ್ತವೆ ಅಂತ ಅವಳು ಈಗ ಓದುತ್ತಿದ್ದಾಳೆ. ನಾನು ಕೇಳಿದೆ, "ಅಕ್ಕಾ, ಪ್ರಜ್ಞೆ ತಪ್ಪಿಸೋಕೆ ಹೊಡೆಯೋ ಬೋಲ್ಟ್ ಗನ್ ಹಣೆಗೆ ಸರಿಯಾಗಿ ಬಿದ್ದರೆ ಆ ಕ್ಷಣವೇ ಪ್ರಜ್ಞೆ ಹೋಗುತ್ತೆ ಅಲ್ವಾ? ಮತ್ತೆ ಹೆದರೋಕೆ ಹೊತ್ತೆಲ್ಲಿ?"

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಾರ್ಟಿಸೋಲ್ ನಿಧಾನ ಕಣೇ," ಅಂದಳು. ಅದೂ ಒತ್ತಡದ ಹಾರ್ಮೋನೇ.

ಹೆದರಿದ ಕೂಡಲೇ ಬರುವುದು ಅಡ್ರಿನಲಿನ್. ಅದಕ್ಕೆ ಕೆಲವೇ ಸೆಕೆಂಡು ಸಾಕು. ಆರಾಮಾಗಿ ನಿಂತಾಗ ನಿಮಿಷಕ್ಕೆ 28ರಿಂದ 44 ಸಲ ಬಡಿಯುವ ಹೃದಯ ಒಮ್ಮೆಲೇ ಓಟ ಕೀಳುತ್ತದೆ. ಹೊಟ್ಟೆಯೊಳಗಿನ ಗುಲ್ಮ ಅನ್ನುವ ಅಂಗ ಹಿಂಡಿಕೊಂಡು, ಕೂಡಿಟ್ಟ ಕೆಂಪು ರಕ್ತಕಣಗಳನ್ನು ರಕ್ತಕ್ಕೆ ಬಿಡುತ್ತದೆ. ಮೈಯೆಲ್ಲ ಓಡಲು ತಯಾರು. ಓಡಲು ಜಾಗ ಇಲ್ಲ, ಅಷ್ಟೇ.

ಕಾರ್ಟಿಸೋಲ್ ಹಾಗಲ್ಲ. ಮೆದುಳಿನ ಹೈಪೋಥಲಾಮಸ್ ಅನ್ನುವ ಭಾಗ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಕೊಡಬೇಕು. ಪಿಟ್ಯುಟರಿ ಎಸಿಟಿಎಚ್ ಅನ್ನುವ ಹಾರ್ಮೋನು ಬಿಡಬೇಕು. ಅದು ರಕ್ತದ ಜೊತೆ ಹರಿದು ಮೂತ್ರಪಿಂಡದ ಪಕ್ಕದ ಅಡ್ರಿನಲ್ ಗ್ರಂಥಿ ಮುಟ್ಟಬೇಕು. ಕಾರ್ಟಿಸೋಲ್ ಪೂರ್ತಿ ಏರಲು ಸುಮಾರು ಅರ್ಧ ಗಂಟೆಯೇ ಹಿಡಿಯುತ್ತದೆ.

ಅಂದರೆ, ಕೊನೆಗೆ ಹರಿಯುವ ರಕ್ತದಲ್ಲಿ ಕಾರ್ಟಿಸೋಲ್ ಜಾಸ್ತಿ ಇದ್ದರೆ ಅದು ಆ ಹೊಡೆತದಿಂದ ಬಂದದ್ದಲ್ಲ. ಅದಕ್ಕಿಂತ ಮುಂಚಿನದು. ಲಾರಿಯದು, ಇಳಿಸಿದ್ದರದು, ಗುರುತಿಲ್ಲದ ವಾಸನೆಗಳ ನಡುವೆ ಒಂಟಿಯಾಗಿ ಕಾದದ್ದರದು. ಅಡ್ರಿನಲಿನ್ ನೋಡಿ ಇದು ತಿಳಿಯುವುದಿಲ್ಲ, ಬೋಲ್ಟಿನ ಹೊಡೆತಕ್ಕೇ ಅದು ಉಕ್ಕಿಬಿಡುತ್ತದೆ.

ಅಕ್ಕ ಯಾವತ್ತೂ ಒಂದೇ ಮಗ್ಗುಲು ಹೇಳುವವಳಲ್ಲ. ಓಡಿದರೂ ಕಾರ್ಟಿಸೋಲ್ ಏರುತ್ತದೆ, ಬೆಳಗ್ಗೆ ಹೇಗೂ ಸಂಜೆಗಿಂತ ಜಾಸ್ತಿ, ಸಂಖ್ಯೆ ಒಂದನ್ನೇ ನೋಡಿ ಹೆದರಿಕೆ ಅನ್ನಬಾರದು ಅಂದಳು. ಒಪ್ಪಿದೆ. ಆದರೂ ನನಗೆ ಕಣ್ಣ ಮುಂದೆ ಬರುವುದು ಸದ್ದಿಲ್ಲದೆ ನಿಂತ ಕುದುರೆ. ಒದೆಯುವುದಿಲ್ಲ, ಕೆನೆಯುವುದಿಲ್ಲ. ನೋಡಿದವರು ಶಾಂತವಾಗಿದೆ ಅನ್ನುತ್ತಾರೆ. ಬೇಟೆಗೆ ಸಿಕ್ಕುವ ಪ್ರಾಣಿ ತನ್ನ ಸಂಕಟ ತೋರಿಸಿಕೊಳ್ಳುವುದು ಕಡಿಮೆ. ಒಳಗೆ ಏನಾಗುತ್ತಿದೆಯೋ.

ಯುರೋಪಿಯನ್ ಒಕ್ಕೂಟದ 2005ರ ಸಾಗಾಟದ ನಿಯಮದಲ್ಲಿ ಕುದುರೆಯನ್ನು 24 ಗಂಟೆವರೆಗೂ ಸಾಗಿಸಬಹುದು. 8 ಗಂಟೆಗೊಮ್ಮೆ ನೀರು. ಎಂಟು ಗಂಟೆ! ಇವತ್ತು ಬಸ್ಸಿನಲ್ಲಿ ಎರಡು ಗಂಟೆ ನಿಂತು ಬಂದಿದ್ದಕ್ಕೇ ನನ್ನ ಕಾಲು ಇನ್ನೂ ನೋಯುತ್ತಿದೆ.

ಇನ್ನೊಂದು ವಿಷಯಕ್ಕೆ ಸಿಟ್ಟೇ ಬಂತು. ಗಾಬರಿ, ದಣಿವಿನಲ್ಲಿ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಖಾಲಿಯಾದರೆ, ಸತ್ತ ಮೇಲೆ ಸಾಕಷ್ಟು ಲ್ಯಾಕ್ಟಿಕ್ ಆಮ್ಲ ಹುಟ್ಟುವುದಿಲ್ಲ. ಪಿಎಚ್ ಸಾಕಷ್ಟು ಇಳಿಯುವುದಿಲ್ಲ, ಅಂದರೆ ಮಾಂಸದ ಆಮ್ಲತೆ ಬೇಕಾದಷ್ಟು ಏರುವುದಿಲ್ಲ. ಮಾಂಸ ಕಪ್ಪಗಾಗಿ ಬೇಗ ಕೆಡುತ್ತದೆ. ಹಾಗಾಗಿ ಕುದುರೆಯನ್ನು ಗಾಬರಿಪಡಿಸಬೇಡಿ ಅನ್ನುವ ವಾದ ಇದೆಯಂತೆ. ಅದರಿಂದ ಒಂದು ಕುದುರೆಗಾದರೂ ಸ್ವಲ್ಪ ನೆಮ್ಮದಿ ಸಿಕ್ಕರೆ ಒಳ್ಳೆಯದೇ. ಆದರೆ ಕಾರಣ ಮಾಂಸವೇ ಆಗಬೇಕಿತ್ತಾ?

ಫೋನ್ ಇಡುವ ಮುಂಚೆ ಕೇಳಿದೆ, "ಪರಿಚಯದ ಇನ್ನೊಂದು ಕುದುರೆ ಪಕ್ಕದಲ್ಲಿದ್ದರೆ?"

"ಧೈರ್ಯ ಬರುತ್ತೆ. ಗುಂಪಿನ ಪ್ರಾಣಿ ಅಲ್ವಾ," ಅಂದಳು.

ಆಗ ಸಮಾಧಾನ ಆಗಿತ್ತು. ಈಗ ಮಲಗಿದ ಮೇಲೆ ಹೊಳೆಯುತ್ತಿದೆ, ಆ ಪಕ್ಕದ ಕುದುರೆಯನ್ನೇ ಮೊದಲು ಕರೆದುಕೊಂಡು ಹೋದರೆ, ಆಮೇಲೆ ಇದು…