ಗೆಟ್ ಅರ್ಥ ಬೇಕೇ? ಮುಂದಿನ ಪದ ನೋಡಿ

14 ಜುಲೈ 2024, ಭಾನುವಾರ

ಇಂಗ್ಲಿಷಿನ 'ಗೆಟ್' ಅಂದರೆ 'ಪಡೆ' ಅಂತ ಬಾಯಿಪಾಠ ಮಾಡಿಸಿಬಿಟ್ಟರೆ ಕಲಿಯುವವರು ಎರಡನೇ ವಾಕ್ಯಕ್ಕೇ ಎಡವುತ್ತಾರೆ. ಹಾಗಂತ ನಿಘಂಟಿನ ಅಷ್ಟೂ ಅರ್ಥಗಳನ್ನು ಉರು ಹೊಡೆಯಬೇಕಿಲ್ಲ. ಗೆಟ್ ಆದಮೇಲೆ ಏನು ಬಂದಿದೆ ಅಂತ ನೋಡಿಕೊಂಡರೆ ಮುಕ್ಕಾಲು ಗೊಂದಲ ಅಲ್ಲೇ ಬಗೆಹರಿಯುತ್ತದೆ.

ನಾಮಪದ ಬಂದರೆ ಸಿಗುವುದು, ತರುವುದು: 'ಐ ಗಾಟ್ ಎ ಲೆಟರ್'. ಗುಣವಾಚಕ ಬಂದರೆ ಆಗುವುದು: 'ಇಟ್ ಈಸ್ ಗೆಟಿಂಗ್ ಡಾರ್ಕ್', ಕತ್ತಲಾಗುತ್ತಿದೆ. ಜಾಗ ಬಂದರೆ ತಲುಪುವುದು: 'ಗೆಟ್ ಟು ದ ಸ್ಟೇಷನ್'. ಹೋಮ್, ಹಿಯರ್, ದೇರ್ ಇದ್ದಾಗ ಮಾತ್ರ 'ಟು' ಬೇಡ, ನಮ್ಮ 'ಮನೆಗೆ'ಯಲ್ಲಿರುವ 'ಗೆ' ಅವುಗಳೊಳಗೇ ಸೇರಿಕೊಂಡಿದೆ. 'ಗೆಟ್ ಟು ಹೋಮ್' ತಪ್ಪು, 'ಗೆಟ್ ಹೋಮ್' ಸರಿ.

ನಿಜವಾದ ತೊಡಕಿರುವುದು 'ಮಾಡಿಸು' ಅನ್ನುವ ಅರ್ಥದಲ್ಲಿ. ಕನ್ನಡದಲ್ಲಿ ಧಾತುವಿಗೆ 'ಇಸು' ಹಚ್ಚಿದರೆ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ, ಯಾರಿಂದ ಮಾಡಿಸಿದ್ದು ಅಂತ ಹೇಳಬೇಕಾದರೆ ಗೆಟ್, ಆಮೇಲೆ ವ್ಯಕ್ತಿ, ಆಮೇಲೆ 'ಟು', ಕೊನೆಗೆ ಕ್ರಿಯಾಪದದ ಮೂಲರೂಪ: 'ಐ ಗಾಟ್ ಹಿಮ್ ಟು ಸೈನ್'. ಒಪ್ಪಿಸಿ ಸಹಿ ಹಾಕಿಸಿದೆ ಅನ್ನುವ ಛಾಯೆ ಇದರಲ್ಲಿದೆ. 'ಐ ಮೇಡ್ ಹಿಮ್ ಸೈನ್' ಅಂದರೆ ಒತ್ತಾಯ, ಅಲ್ಲಿ 'ಟು' ಬರುವುದಿಲ್ಲ. ಇವೆರಡೂ ಕಲಸಿಹೋದಾಗಲೇ 'ಐ ಗಾಟ್ ಹಿಮ್ ಸೈನ್' ಅನ್ನುವ ತಪ್ಪು ಹುಟ್ಟುವುದು. ಮಾಡಿದವರು ಯಾರು ಅನ್ನುವುದು ಮುಖ್ಯವಲ್ಲದಿದ್ದರೆ ವಸ್ತು ಮೊದಲು, ಭೂತಕೃದಂತ (ಕ್ರಿಯಾಪದದ ಮೂರನೇ ರೂಪ) ಆಮೇಲೆ: 'ಐ ಗಾಟ್ ದ ಫೋನ್ ರಿಪೇರ್ಡ್'. 'ರಿಪೇರಿ ಮಾಡಿಸಿದೆ' ಅನ್ನುವುದನ್ನು ಒಂದೇ ಕ್ರಿಯೆಯಾಗಿ ಯೋಚಿಸುವುದರಿಂದ ಎಷ್ಟೋ ಜನ 'ಐ ಗಾಟ್ ರಿಪೇರ್ಡ್ ದ ಫೋನ್' ಅನ್ನುತ್ತಾರೆ. ಈ ಕ್ರಮವನ್ನು ಹತ್ತು ವಾಕ್ಯ ಬರೆದೇ ರೂಢಿ ಮಾಡಿಕೊಳ್ಳಬೇಕು, ಸೂತ್ರ ಓದಿದರೆ ಸಾಲದು.

ಹತ್ತುವುದು, ಇಳಿಯುವುದು ಸುಲಭ. ಬಸ್ಸು, ರೈಲು, ಬೈಕಿಗೆ ಗೆಟ್ ಆನ್, ಗೆಟ್ ಆಫ್. ಕಾರಿಗೆ ಗೆಟ್ ಇನ್, ಗೆಟ್ ಔಟ್.

'ಹ್ಯಾವ್ ಗಾಟ್' ಭೂತಕಾಲದಂತೆ ಕಂಡರೂ ಅರ್ಥ ವರ್ತಮಾನದ್ದು. 'ಐ ಹ್ಯಾವ್ ಗಾಟ್ ಎ ಕಾರ್' ಅಂದರೆ ನನ್ನ ಹತ್ತಿರ ಕಾರಿದೆ. ಅಮೆರಿಕದವರು 'ಐ ಹ್ಯಾವ್ ಗಾಟನ್ ಎ ಕಾರ್' ಅಂದರೆ ಕಾರು ತೆಗೆದುಕೊಂಡಿದ್ದೇನೆ ಅಂತ. ಬ್ರಿಟಿಷ್ ಇಂಗ್ಲಿಷಿನಲ್ಲಿ ಈ 'ಗಾಟನ್' ಬಳಕೆ ಕಡಿಮೆ, ಪರೀಕ್ಷೆ ಯಾವ ಪದ್ಧತಿಯದು ಅಂತ ನೋಡಿಕೊಂಡು ಬರೆಯಿರಿ. ಅರ್ಜಿ, ವರದಿಗಳಲ್ಲಂತೂ ಗೆಟ್ ಬಿಟ್ಟು ರಿಸೀವ್, ಬಿಕಮ್, ಅರೈವ್ ಬಳಸುವುದೇ ವಾಸಿ.