ಕೆಲಸ ಬಿಟ್ಟವಳಿಗೆ ರಾತ್ರಿ ಹತ್ತಕ್ಕೆ ಫೋನ್

ಆಗಸ್ಟ್ 31, ಟ್ರಾನ್ಸ್‌ಫರ್ ವಿಂಡೋ, ಅಂದರೆ ಫುಟ್‌ಬಾಲ್ ಕ್ಲಬ್‌ಗಳು ಹೊಸ ಆಟಗಾರರನ್ನು ಸೇರಿಸಿಕೊಳ್ಳಬಹುದಾದ ಅವಧಿ, ಮುಚ್ಚುವ ದಿನ. ರಾತ್ರಿ ಹತ್ತು ಗಂಟೆ. ಹೊರದೇಶದಿಂದ ಬರಬೇಕಿದ್ದ ಒಬ್ಬ ಡಿಫೆಂಡರ್‌ನ ಕೇಸ್ ಫಿಫಾದ ಟಿಎಂಎಸ್‌ನಲ್ಲಿ, ಅಂದರೆ ಆಟಗಾರರ ವರ್ಗಾವಣೆಯ ಆನ್‌ಲೈನ್ ವ್ಯವಸ್ಥೆಯಲ್ಲಿ, ಸಿಕ್ಕಿಹಾಕಿಕೊಂಡಿತ್ತು. ಆಟಗಾರ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ಮಾರಾಟವಾದರೆ ಎರಡೂ ಕಡೆಯವರು ಅಲ್ಲಿ ವಿವರ ತುಂಬಬೇಕು. ಹಣ, ಕಂತು, ದಿನಾಂಕ ಎಲ್ಲ ತಾಳೆಯಾಗಬೇಕು. ಆಮೇಲಷ್ಟೇ ನಮ್ಮ ದೇಶದ ಫುಟ್‌ಬಾಲ್ ಫೆಡರೇಷನ್ ಅವರ ಫೆಡರೇಷನ್‌ಗೆ ಐಟಿಸಿ, ಅಂದರೆ ಆಟಗಾರನನ್ನು ಬಿಟ್ಟುಕೊಡುವ ಅಂತರರಾಷ್ಟ್ರೀಯ ವರ್ಗಾವಣೆ ಪತ್ರ, ಕೇಳುತ್ತದೆ. ಆ ಕೋರಿಕೆ ವಿಂಡೋ ಮುಚ್ಚುವ ಮುಂಚೆ ಹೋಗದಿದ್ದರೆ ಹುಡುಗ ಜನವರಿವರೆಗೆ ಸುಮ್ನೆ ಪ್ರಾಕ್ಟೀಸ್ ಮಾಡಿಕೊಂಡಿರಬೇಕು, ಅಷ್ಟೇ.

ನಮ್ಮ ಆಫೀಸಿನಲ್ಲಿ ಈ ಕೆಲಸ ಪೂರ್ತಿ ಗೊತ್ತಿದ್ದವಳು ಒಬ್ಬಳೇ. ದಾವಣಗೆರೆ ಕಡೆಯವಳು. ಜೂನ್‌ನಲ್ಲೇ ಕೆಲಸ ಬಿಟ್ಟು ಒಂದು ಜಾಹೀರಾತು ಕಂಪನಿ ಸೇರಿದ್ದಳು. ಅವಳ ಜಾಗಕ್ಕೆ ಬಂದ ಹುಡುಗ ತರಬೇತಿ ಮುಗಿಸಿದ್ದ, ಆದರೆ ನಿಜವಾದ ಕೇಸ್ ಅವನಿಗೆ ಇದೇ ಮೊದಲು. ಬೇರೆ ದಾರಿ ಕಾಣದೆ ಅವಳಿಗೇ ಫೋನ್ ಮಾಡಿದೆ.

"ಹೇಳಿ ಸರ್, ಊಟ ಆಯ್ತಾ?" ಅಂದಳು. ಆಗಿರಲಿಲ್ಲ. ವಿಷಯ ಹೇಳಿದೆ. "ಎರಡನೇ ಕಂತಿನ ದಿನಾಂಕ ನೋಡಿ ಸರ್. ಅವರು ಒಪ್ಪಂದದಲ್ಲಿರೋದನ್ನ ಹಾಕಿರ್ತಾರೆ, ನಮ್ಮವರು ಇನ್‌ವಾಯ್ಸ್‌ನದ್ದು ಹಾಕಿರ್ತಾರೆ. ಪ್ರತಿ ಸಲ ಇದೇ ಕಥೆ." ನೋಡಿದರೆ ಅದೇ ಆಗಿತ್ತು. ಹನ್ನೊಂದೂ ಮುಕ್ಕಾಲಿಗೆ ಕೋರಿಕೆ ಹೋಯಿತು. ಅಷ್ಟು ಹೊತ್ತೂ ಅವಳು ಲೈನ್‌ನಲ್ಲೇ ಇದ್ದಳು.

ನಾನು ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ ಚೆಂಡು ಒದ್ದುಕೊಂಡು ಬೆಳೆದವನು. ಆಮೇಲೆ ಹೊರ ರಾಜ್ಯದ ಒಂದು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕ್ಲಬ್‌ನಲ್ಲಿ ಆಪರೇಷನ್ಸ್ ವಿಭಾಗ ನೋಡಿಕೊಂಡೆ. ಅವಳು ಸಂಬಳಕ್ಕಾಗಿ ಹೋದಳು ಅಂತ ನಾನು ನಂಬಿದ್ದೆ. ಮರುದಿನ ಥ್ಯಾಂಕ್ಸ್ ಹೇಳಲು ಫೋನ್ ಮಾಡಿದಾಗ ಕೇಳಿಯೇಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಸರ್, ಲೈಸೆನ್ಸಿಂಗ್ ಫೈಲ್ ತೆಗೆದು ನೋಡಿ" ಅಂದಳು.

ಲೀಗ್‌ನಲ್ಲಿ ಆಡಲು ಬೇಕಾದ ಕ್ಲಬ್ ಲೈಸೆನ್ಸ್‌ಗೆ ಪ್ರತಿ ವರ್ಷ ದೊಡ್ಡದೊಂದು ಫೈಲ್ ಕೊಡಬೇಕು. ಜನರಲ್ ಮ್ಯಾನೇಜರ್, ಹಣಕಾಸು ನೋಡುವವರು, ಮೀಡಿಯಾ ಆಫೀಸರ್, ಸೆಕ್ಯೂರಿಟಿ ಆಫೀಸರ್, ಯೂತ್ ವಿಭಾಗದ ಮುಖ್ಯಸ್ಥರು, ಡಾಕ್ಟರ್, ಹೀಗೆ ಒಂದೊಂದು ಹುದ್ದೆಗೂ ಯಾರು ಅಂತ ಹೆಸರು ಸಮೇತ ತೋರಿಸಬೇಕು. ನಾಲ್ಕು ವರ್ಷ ಆ ಫೈಲ್ ಜೋಡಿಸಿದ್ದು ಅವಳು. ಪುಟ ತಿರುಗಿಸುತ್ತಾ ಹೋದೆ. ಅವಳ ಹೆಸರು ಎಲ್ಲೂ ಇರಲಿಲ್ಲ. ಮೊದಲ ದಿನ ಕೊಟ್ಟ ವಿಸಿಟಿಂಗ್ ಕಾರ್ಡ್‌ನಲ್ಲಿ 'ಎಕ್ಸಿಕ್ಯೂಟಿವ್' ಅಂತ ಇತ್ತು, ಬಿಡುವ ದಿನವೂ ಅದೇ ಇತ್ತು. ಬಡ್ತಿ ಕೊಡಿ ಅಂತ ಎರಡು ಸಲ ಕೇಳಿದ್ದಳು. ಸೀಸನ್ ಮುಗಿಯಲಿ ನೋಡೋಣ ಅಂದವನು ನಾನೇ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಕ್ಲಬ್ ಆಫೀಸುಗಳಲ್ಲಿ ಮೆಟ್ಟಿಲುಗಳೇ ಕಡಿಮೆ. ಕೆಳಗೆ ಮ್ಯಾಚ್ ದಿನದ ವಾಲಂಟಿಯರ್‌ಗಳು, ಇಂಟರ್ನ್‌ಗಳು. ಮೇಲೆ ಒಂದೆರಡು ಮ್ಯಾನೇಜರ್‌ಗಳು. ಅದರ ಮೇಲಿನ ಕುರ್ಚಿಗೆ ನಮ್ಮಲ್ಲಿ ಮಾಲೀಕರ ಬೇರೆ ಕಂಪನಿಯಿಂದಲೇ ಜನ ಬರುತ್ತಿದ್ದರು. ಮೇಲಿನವರು ಬಿಟ್ಟರಷ್ಟೇ ಕೆಳಗಿನವರಿಗೆ ಜಾಗ. ಕಾಂಟ್ರಾಕ್ಟ್‌ಗಳು ಮೇ ತಿಂಗಳಿಗೆ ಮುಗಿಯುತ್ತಿದ್ದವು, ಮುಂದುವರಿಸುತ್ತೇವೋ ಇಲ್ಲವೋ ಅಂತ ನಾವು ಹೇಳುತ್ತಿದ್ದದ್ದೂ ಮೇನಲ್ಲೇ. ಮನೆ ಬಾಡಿಗೆ, ಮಕ್ಕಳ ಸ್ಕೂಲ್ ಫೀಸು ಇರುವವರು ಅಷ್ಟು ದಿನ ಕಾಯುತ್ತಾರಾ? ಮಾರ್ಚ್‌ಗೇ ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಹೋಗುವವರು ಕೆಲಸ ಬಲ್ಲವರೇ ಆಗಿರುತ್ತಾರೆ.

ಇದರ ಏಟು ಒಂದು ಸಲ ಚೆನ್ನಾಗಿಯೇ ತಿಂದಿದ್ದೆವು. ಕೋವಿಡ್‌ನಿಂದಾಗಿ 2020-21 ಮತ್ತು 2021-22ರ ಲೀಗ್ ಪೂರ್ತಿ ಗೋವಾದಲ್ಲೇ ನಡೆಯಿತು. ತವರಿನಲ್ಲಿ ಮ್ಯಾಚೇ ಇಲ್ಲ ಅಂತ ಟಿಕೆಟ್ ಮತ್ತು ಗೇಟ್ ನೋಡುತ್ತಿದ್ದವರನ್ನು ಕ್ಲಬ್ ಕಳಿಸಿಬಿಟ್ಟಿತು. 2022ರ ಅಕ್ಟೋಬರ್‌ನಲ್ಲಿ ಜನ ಮತ್ತೆ ಸ್ಟೇಡಿಯಂಗೆ ಬಂದರು. ಯಾವ ಗೇಟಿಗೆ ಎಷ್ಟು ಸ್ಟೀವರ್ಡ್ ಬೇಕು, ಪೊಲೀಸರ ಜೊತೆ ಮೀಟಿಂಗ್ ಯಾವಾಗ, ಎದುರಾಳಿ ತಂಡದ ಅಭಿಮಾನಿಗಳನ್ನು ಯಾವ ಕಡೆಯಿಂದ ಬಿಡಬೇಕು, ಹೇಳುವವರೇ ಇರಲಿಲ್ಲ. ಮೊದಲ ಮ್ಯಾಚ್ ಶುರುವಾಗಿ ಇಪ್ಪತ್ತು ನಿಮಿಷವಾದರೂ ಟಿಕೆಟ್ ಇದ್ದ ಜನ ಹೊರಗೆ ಕ್ಯೂನಲ್ಲೇ ನಿಂತಿದ್ದರು. ಒಬ್ಬರು ಪುಟ್ಟ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಒಳಗೆ ಕೂಗು ಎದ್ದಾಗಲೆಲ್ಲ ಆ ಮಗು, "ಗೋಲ್ ಆಯ್ತಾ?" ಅಂತ ಅವರ ಭಾಷೆಯಲ್ಲಿ ಕೇಳುತ್ತಿತ್ತು.

ಆ ಆಗಸ್ಟ್ ಆದ ಮೇಲೆ ನನ್ನ ಕೈಲಾದಷ್ಟು ಬದಲಾಯಿಸಿದೆ. ಸಂಬಳ ನನ್ನ ಕೈಯಲ್ಲಿರಲಿಲ್ಲ, ಅದಕ್ಕೆ ಮೇಲಿನವರ ಒಪ್ಪಿಗೆ ಬೇಕು. ಆದರೆ ಕಾಂಟ್ರಾಕ್ಟ್ ವಿಷಯ ಫೆಬ್ರವರಿಯಲ್ಲೇ ಹೇಳಿಬಿಡೋಣ ಅಂತ ಹಟ ಹಿಡಿದೆ. ಟಿಎಂಎಸ್ ಮುಂದೆ ಇಬ್ಬರು ಕೂರಲೇಬೇಕು ಅಂದೆ. ಒಬ್ಬೊಬ್ಬರಿಗೂ ಒಂದು ಕೆಲಸ ಪೂರ್ತಿ ವಹಿಸಿ, ಹೊರಗಿನವರಿಗೆ ಪತ್ರ ಹೋಗುವಾಗ ಅವರ ಹೆಸರಲ್ಲೇ ಹೋಗಲಿ ಅಂದೆ. ಇದು ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಫಲ ಕೊಟ್ಟಿತು. ವಾಲಂಟಿಯರ್ ಆಗಿ ಬಂದಿದ್ದ ಒಬ್ಬ ಹುಡುಗನಿಗೆ ಗೇಟ್‌ಗಳ ಪೂರ್ತಿ ಜವಾಬ್ದಾರಿ ಕೊಟ್ಟೆ. ಪೊಲೀಸ್ ಇನ್‌ಸ್ಪೆಕ್ಟರ್ ನನ್ನನ್ನು ಬಿಟ್ಟು ನೇರವಾಗಿ ಅವನಿಗೆ ಫೋನ್ ಮಾಡಿದ ದಿನ ಅವನ ಮುಖ ನೋಡಬೇಕಿತ್ತು.

ಎಲ್ಲವನ್ನೂ ಹೀಗೆ ಸರಿ ಮಾಡೋಕಾಗಲ್ಲ. ಫೆಡರೇಷನ್ ಮತ್ತು ಲೀಗ್ ನಡೆಸುತ್ತಿದ್ದ ಕಂಪನಿಯ ನಡುವೆ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ ಮುಗಿಯುತ್ತಾ ಬಂದಿತ್ತು. ಮುಂದೇನು ಅಂತ ತೀರ್ಮಾನವಾಗದೆ 2025ರ ಜುಲೈನಲ್ಲಿ ಲೀಗನ್ನೇ ತಡೆಹಿಡಿದರು. ಆಟಗಾರರ ಕಷ್ಟ ಪೇಪರ್‌ಗಳಲ್ಲಿ ಬಂತು, ಬರಬೇಕಾದದ್ದೇ. ಆಫೀಸಿನವರ ಬಗ್ಗೆ ಬರೆದವರು ಕಡಿಮೆ. ನನಗೆ ಗೊತ್ತಿರುವ ಒಳ್ಳೊಳ್ಳೆ ಕೆಲಸಗಾರರು ಆಗಲೇ ಫುಟ್‌ಬಾಲ್ ಬಿಟ್ಟರು. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರಲ್ಲ.

ಗೇಟ್ ನೋಡುತ್ತಿದ್ದ ಹುಡುಗ ಅದಕ್ಕೂ ಮುಂಚೆಯೇ ಇನ್ನೊಂದು ಕ್ಲಬ್‌ಗೆ ಮ್ಯಾನೇಜರ್ ಆಗಿ ಹೋಗಿದ್ದ. ಹೋಗುವ ವಾರ ತನ್ನ ಜಾಗಕ್ಕೆ ಬಂದವಳನ್ನು ಸ್ಟೇಡಿಯಂ ಸುತ್ತ ನಡೆಸಿಕೊಂಡು ಹೋಗಿ ಎಲ್ಲ ತೋರಿಸಿದ. ಕೊನೆಗೆ ಒಂದು ನೋಟ್‌ಬುಕ್ ಅವಳ ಕೈಗಿಟ್ಟ. ಅದರ ಮೊದಲ ಪುಟದಲ್ಲಿ ಹೀಗಿತ್ತು: "ಮಳೆ ಬಂದರೆ 4ನೇ ಗೇಟ್ ಮುಂದೆ ನೀರು ನಿಲ್ಲುತ್ತೆ. ಬೆಳಿಗ್ಗೆಯೇ ಹಲಗೆ ಹಾಕಿಸಿ."