ಕವುಚಿ ಮಲಗಿ ಅಜ್ಜಾ
2020ರ ಮೇ ತಿಂಗಳ ತನಕ ಹಾಸನ ಜಿಲ್ಲೆಯಲ್ಲಿ ಕೊರೊನಾ ಇರಲಿಲ್ಲ, ಆಮೇಲೆ ಮುಂಬೈನಿಂದ ಊರಿಗೆ ಬಂದವರಲ್ಲಿ ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ನಮ್ಮ ಕೈಯಲ್ಲಿದ್ದದ್ದು ಆಕ್ಸಿಜನ್, ಮತ್ತೆ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನೋ ಮಲೇರಿಯಾ ಮಾತ್ರೆ (ಅದರಿಂದ ಉಪಯೋಗವಿಲ್ಲ ಅಂತ ಆಮೇಲೆ ತಿಳಿಯಿತು). ವಿಚಿತ್ರ ಅಂದರೆ, ರಕ್ತದ ಆಕ್ಸಿಜನ್ ಅಳೆಯಲು ಬೆರಳಿಗೆ ಹಾಕಿದ ಮೀಟರ್ 84 (ಅಪಾಯ ಅನ್ನುವಷ್ಟು ಕಡಿಮೆ) ತೋರಿಸುತ್ತಿದ್ದರೂ ಸಕಲೇಶಪುರ ಕಡೆಯ ಅಜ್ಜ ಒಬ್ಬರು ಆರಾಮಾಗಿ ಫೋನಿನಲ್ಲಿ ಮೆಣಸಿನ ರೇಟು ಕೇಳುತ್ತಾ ಕೂತಿದ್ದರು. ಕವುಚಿ ಮಲಗಿ, ಉಸಿರಿಗೆ ಒಳ್ಳೇದು ಅಂದರೆ, "ನಾನೇನು ಎಳೇ ಕೂಸಾ?" ಅಂತ ನನಗೇ ಬೈದರು. ಮಲಗಿದರು, 91ಕ್ಕೆ ಏರಿತು. ಜೂನ್‌ನಲ್ಲಿ ಬ್ರಿಟನ್ನಿನ ಅಧ್ಯಯನವೊಂದು, ಆಕ್ಸಿಜನ್ ಬೇಕಾದಷ್ಟು ಸೀರಿಯಸ್ ಆದವರ ಜೀವವನ್ನು ಡೆಕ್ಸಾಮೆಥಸೋನ್ ಉಳಿಸುತ್ತದೆ ಅಂತ ಹೇಳಿತು. ಎಷ್ಟೋ ವರ್ಷದಿಂದ ಎಲ್ಲಾ ಮೆಡಿಕಲ್ ಶಾಪಿನಲ್ಲೂ ಇದ್ದ ಅಗ್ಗದ ಸ್ಟೀರಾಯ್ಡ್! ಟಿವಿಯವರು ಮಾತ್ರ ದುಬಾರಿ ಇಂಜೆಕ್ಷನ್ ಬಗ್ಗೆಯೇ ಜಾಸ್ತಿ ಮಾತಾಡಿದರು, ಅಲ್ವಾ?